ಮೈ ಒರೆಸುವ ಪರೀಕ್ಷೆ

ಎಂಬಿಎ ಮಾಡಿ, ಮೈಸೂರಿನ ಇನ್ಶೂರೆನ್ಸ್ ಕಚೇರಿಯಲ್ಲಿ ಕೂತು ಬೇರೆಯವರ ಆಸ್ಪತ್ರೆ ಬಿಲ್ಲಿನಲ್ಲಿ ಹುಳುಕು ಹುಡುಕುತ್ತಿದ್ದ ಗಾನವಿ, ದೋಹಾಕ್ಕೆ ಬಂದ ಮೇಲೆ ನರ್ಸಿಂಗ್ ಕಲಿಯುತ್ತೇನೆ ಎಂದಾಗ ನಗದವರೇ ಇರಲಿಲ್ಲ. ಬೇರೆ ವಿಷಯದಲ್ಲಿ ಡಿಗ್ರಿ ಪಡೆದವರಿಗೆಂದೇ ಇರುವ ಎರಡು ವರ್ಷದ ಕೋರ್ಸು ಅದು. ಅಲ್ ಹಿಲಾಲ್ ಬಡಾವಣೆಯ ಅವಳ ಫ್ಲ್ಯಾಟಿಗೆ ಊಟಕ್ಕೆ ಬಂದವರೆಲ್ಲ ಅವಳೇ ಮಾಡಿದ ಸಾರನ್ನು ಅನ್ನಕ್ಕೆ ಕಲೆಸಿಕೊಳ್ಳುತ್ತ ಅವಳಿಗೇ ಬುದ್ಧಿ ಹೇಳಿ ಹೋದರು. ಗಂಡ ರಾಕೇಶ್ ಒಬ್ಬ ಮಾತ್ರ "ಮಾಡು" ಎಂದಿದ್ದ, ಅದೂ ಫೋನಿನಿಂದ ತಲೆಯೆತ್ತದೆ.

ಈಗ ನಕ್ಕವರ ಮಾತೇ ನಿಜವಾಗುವ ಹಾಗಿತ್ತು. ಹಾಸಿಗೆಯಲ್ಲಿರುವ ರೋಗಿಯ ಮೈ ಒರೆಸುವ ಪರೀಕ್ಷೆಯಲ್ಲಿ ಅವಳು ಒಮ್ಮೆ ಫೇಲಾಗಿದ್ದಳು. ಕೈ ನಡುಗಿ, ಬೇಸಿನ್ನಿನ ನೀರೆಲ್ಲ ಪಾಪದ ಮುದುಕನೊಬ್ಬನ ಹೊದಿಕೆಯ ಮೇಲೆ ಚೆಲ್ಲಿತ್ತು. ಇವತ್ತು ಎರಡನೇ ಅವಕಾಶ, ಕೊನೆಯದೂ ಹೌದು. ಇವತ್ತೂ ಆಗದಿದ್ದರೆ ಕೋರ್ಸಿನಿಂದ ಹೊರಗೆ.

"ಒಂಬತ್ತನೇ ಬೆಡ್ಡು, ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ," ಎಂದರು ಪರೀಕ್ಷೆ ಮಾಡುವ ಮೆಲಿಸ್ಸಾ ಮೇಡಂ. ಫಿಲಿಪೀನ್ಸ್‌ನವರು, ನಗುವಾಗಲೂ ಕಣ್ಣು ಮಾತ್ರ ನಗುವುದಿಲ್ಲ. "ಎರಡು ದಿನದಿಂದ ಮೈ ಮುಟ್ಟಿಸಿಕೊಂಡಿಲ್ಲ. ನಿಮ್ಮ ಭಾಷೆಯವರೇ ಅಂತೆ. ನಿನಗೆ ಸುಲಭ. ಆದರೆ ನೆನಪಿರಲಿ, ಅವರು ಬೇಡ ಎಂದರೆ ಮುಟ್ಟುವ ಹಾಗಿಲ್ಲ."

ಕನ್ನಡದವರು! ಗಾನವಿಗೆ ಹೋದ ಜೀವ ಬಂದಂತಾಯಿತು. ಬಿಸಿನೀರು, ಟವೆಲು, ಸೋಪು ಇಟ್ಟ ಟ್ರಾಲಿ ತಳ್ಳಿಕೊಂಡು ಹೋಗಿ ಪರದೆ ಸರಿಸಿದಳು. ಸರಿಸಿದ್ದೇ ತಡ, ಬಂದ ಜೀವ ಮತ್ತೆ ಹೋಯಿತು.

ಮಲಗಿದ್ದವರು ಲಕ್ಷ್ಮೀಪತಿ ಅಂಕಲ್. ದೋಹಾದ ಕನ್ನಡಿಗರ ಯಾವ ಸಮಾರಂಭವೂ ಇವರ ಭಾಷಣವಿಲ್ಲದೆ ಮುಗಿದದ್ದಿಲ್ಲ. ರೇಷ್ಮೆ ಪಂಚೆ, ಶಲ್ಯ, ಅತ್ತರಿನ ಘಮ, ಕ್ರಾಪು ಕೆಡದ ತಲೆ. ಪ್ರತಿ ದೀಪಾವಳಿಗೂ ಗಾನವಿ, ರಾಕೇಶ್ ಇಬ್ಬರೂ ಇವರ ಮನೆಯಲ್ಲೇ ಉಂಡು ಕಾಲಿಗೆ ಬಿದ್ದು ಬರುತ್ತಿದ್ದರು. ಈಗ ಅವರು ಆಸ್ಪತ್ರೆಯ ಗೌನಿನಲ್ಲಿ, ಗಡ್ಡ ಬೆಳೆದು, ಬೆವರು ನಾರುತ್ತ ಬಿದ್ದಿದ್ದರು.

"ಅರೆ, ಗಾನವಿ! ನಿಂಗ್ಯಾರಮ್ಮ ಹೇಳಿದ್ದು ನಾನು ಬಿದ್ದಿದ್ದು?" ಎಂದು ಗಡಿಬಿಡಿಯಿಂದ ಹೊದಿಕೆ ಎಳೆದುಕೊಂಡರು. ಆಮೇಲೆ ಕಣ್ಣು ಅವಳ ಸಮವಸ್ತ್ರದ ಮೇಲೆ ಬಿತ್ತು, ಅಲ್ಲಿಂದ ಬೇಸಿನ್ನಿನ ಮೇಲೆ. ಮುಖದ ಬಣ್ಣವೇ ಹೋಯಿತು. "ಬೇಡಮ್ಮ. ನೀನು ಬೇಡ. ಗಂಡಸರು ಯಾರಾದ್ರೂ ಇದ್ರೆ ಕಳಿಸು."

ವಾರ್ಡಿನಲ್ಲಿದ್ದ ಒಬ್ಬನೇ ಗಂಡು ನರ್ಸ್ ಲ್ಯಾನ್ಸ್‌ಲಾಟ್ ರೋಗಿಯೊಬ್ಬರನ್ನು ಕರೆದುಕೊಂಡು ಆಪರೇಷನ್ ಥಿಯೇಟರಿಗೆ ಹೋಗಿದ್ದ. ಅವನೇ ಇದ್ದಿದ್ದರೂ ಗಾನವಿಯ ಪರೀಕ್ಷೆ ಅಲ್ಲಿಗೆ ಮುಗಿದಂತೆಯೇ.

"ಅಂಕಲ್, ಸಂಕೋಚ ಬೇಡಿ. ನಾನು ನಿಮ್ಮ ಮಗಳ ಥರ ಅಲ್ವಾ?"

"ಮಗಳ ಥರ ಅಂತಾನೇ ಬೇಡ ಅಂತಿರೋದು ಕಣಮ್ಮ," ಎಂದು ಅವರು ಕಣ್ಣು ಮುಚ್ಚಿದರು. ಮುಚ್ಚಿದ ರೆಪ್ಪೆಯ ಅಂಚು ಒದ್ದೆಯಾಗಿತ್ತು.

ಪರದೆಯಾಚೆ ಮೆಲಿಸ್ಸಾ ಮೇಡಂ ಗಂಟಲು ಸರಿಮಾಡಿಕೊಂಡರು. ಗಾನವಿ ಹೊರಬಂದು, ಎರಡು ನಿಮಿಷ ಕೊಡಿ ಎಂದು ಕೈಸನ್ನೆಯಲ್ಲೇ ಬೇಡಿದಳು. ತಾನೇ ಕೆಡಿಸಿದೆನಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಅಂಕಲ್ ಎಂದು ಒಂದೊಂದು ಸಲ ಕರೆದಾಗಲೂ ಆ ಮನುಷ್ಯ ಹಾಸಿಗೆಯಿಂದೆದ್ದು ರೇಷ್ಮೆ ಪಂಚೆಯುಟ್ಟು ಊಟದ ಪಂಕ್ತಿಯಲ್ಲಿ ಕೂರುತ್ತಿದ್ದರು. ಅಲ್ಲಿ ಕೂತವರ ಗೌನನ್ನು ಅವಳು ಬಿಚ್ಚುವುದಾದರೂ ಹೇಗೆ?

ಅವಳು ನೀರು ಬದಲಾಯಿಸಿದಳು. ಮತ್ತೆ ಪರದೆಯ ಹೊರಗೆ ನಿಂತು, ಈ ಸಲ ಕೇಳಿಯೇ ಒಳಗೆ ಬಂದಳು.

"ಗುಡ್ ಮಾರ್ನಿಂಗ್ ಸರ್," ಎಂದಳು ಇಂಗ್ಲಿಷಿನಲ್ಲಿ. "ನಾನು ನರ್ಸಿಂಗ್ ವಿದ್ಯಾರ್ಥಿನಿ. ನಿಮ್ಮ ಪೂರ್ತಿ ಹೆಸರು ಹೇಳುತ್ತೀರಾ?"

ಲಕ್ಷ್ಮೀಪತಿ ಕಣ್ಣು ತೆರೆದರು. ಇವಳಿಗೇನು ತಲೆ ಕೆಟ್ಟಿತೇ ಎನ್ನುವ ಹಾಗೆ ನೋಡಿದರು. ಗಾನವಿ ಅವರ ಹೆಸರು ಬರೆದ ಕೈಪಟ್ಟಿಯನ್ನೇ ನೋಡುತ್ತ ನಿಂತಳು, ಮುಖ ನೋಡುವ ಧೈರ್ಯ ಇರಲಿಲ್ಲ.

"ಲಕ್ಷ್ಮೀಪತಿ," ಎಂದರು ಕೊನೆಗೆ, ಅವರೂ ಇಂಗ್ಲಿಷಿನಲ್ಲೇ. ಹುಟ್ಟಿದ ತಾರೀಖನ್ನೂ ಹೇಳಿದರು. ಸ್ವಲ್ಪ ತಡೆದು, "ಯಾವ ದೇಶದವರು ಸಿಸ್ಟರ್ ನೀವು?" ಎಂದರು.

"ಇಂಡಿಯಾ ಸರ್."

"ಓ. ನಾನೂ ಇಂಡಿಯಾದವನೇ."

"ಮೈ ಒರೆಸಬಹುದೇ ಸರ್?"

ಅವರು ತಲೆ ಆಡಿಸಿದರು. ಮೆಲಿಸ್ಸಾ ಮೇಡಂ ಒಳಬಂದು ಮೂಲೆಯಲ್ಲಿ ನಿಂತರು. ಗಾನವಿ ಮೊದಲು ಮುಖ ಒರೆಸಿದಳು, ಆಮೇಲೆ ಕತ್ತು, ತೋಳು. ಒರೆಸುವ ಭಾಗ ಬಿಟ್ಟು ಉಳಿದದ್ದೆಲ್ಲ ಟವೆಲಿನಡಿ ಮುಚ್ಚಿಟ್ಟಳು. ಈ ಸಲ ನೀರು ಚೆಲ್ಲಲಿಲ್ಲ. ತೊಡೆಸಂದಿಗೆ ಬಂದಾಗ ಬಟ್ಟೆ ಹಿಂಡಿ ಅವರ ಕೈಗೇ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತಳು. ಅಷ್ಟು ಹೊತ್ತೂ ಅವರು ಬಿಗಿಹಿಡಿದಿದ್ದ ಉಸಿರು ಹೊರಬಿದ್ದದ್ದು ಅವಳಿಗೆ ಕೇಳಿಸಿತು.

ಮೇಡಂ ನೆರವಿನಿಂದ ನಿಧಾನವಾಗಿ ಪಕ್ಕಕ್ಕೆ ಹೊರಳಿಸಿ ಬೆನ್ನು ಒರೆಸುವಾಗ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದರು. ಅಂಕಲ್ ಎನ್ನುವ ಮಾತು ಗಾನವಿಯ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡಳು.

"ನೋವಾಗುತ್ತಿದೆಯೇ ಸರ್?"

"ಇಲ್ಲ ಸಿಸ್ಟರ್. ನೋವಿಲ್ಲ."

ಹೊಸ ಗೌನು ತೊಡಿಸಿ, ಹಾಸು ಬದಲಿಸಿ ಹೊರಬಂದಾಗ ಮೆಲಿಸ್ಸಾ ಮೇಡಂ "ಪಾಸ್" ಎಂದರು, ಅಷ್ಟೇ. ಗಾನವಿ ಕೊಳೆಬಟ್ಟೆ ಬುಟ್ಟಿಗೆ ಹಾಕಿ, ಟ್ರಾಲಿ ತರಲು ಮತ್ತೆ ಒಂಬತ್ತನೇ ಬೆಡ್ಡಿಗೆ ಹೋದರೆ ಅಲ್ಲಿ ಅಂಕಲ್ ಹೆಂಡತಿ ಅರುಂಧತಿ ಆಂಟಿ ಬಂದಿದ್ದರು, ಜೊತೆಗೆ ಕನ್ನಡ ಸಂಘದ ಇನ್ನಿಬ್ಬರು ಹೆಂಗಸರು.

"ಮೈಯೆಲ್ಲ ಒರೆಸಿಬಿಟ್ಟಿದಾರೆ! ಯಾರ್ರೀ ಒರೆಸಿದ್ದು?" ಎನ್ನುತ್ತಿದ್ದರು ಆಂಟಿ.

"ಯಾರೋ ಒಬ್ಳು ನರ್ಸು," ಎಂದರು ಅಂಕಲ್.

ಅಷ್ಟರಲ್ಲಿ ಆಂಟಿ ತಿರುಗಿ ನೋಡಿದರು. "ಗಾನವಿ! ನೀನು ಇದೇ ವಾರ್ಡಲ್ಲಿದೀಯಾ? ಅಂಕಲ್‌ನ ನೋಡ್ಲೇ ಇಲ್ವಾ? ಬೆಳಿಗ್ಗೆಯಿಂದ ಇಲ್ಲೇ ಓಡಾಡ್ಕೊಂಡು, ಒಂದ್ಸಲ ಇಣುಕಿ ನೋಡ್ಬಾರದಿತ್ತಾ? ದೀಪಾವಳಿಗೆ ಮಾತ್ರ ಬೇಕಾ ನಾವು?"

ಜೊತೆಯಲ್ಲಿ ಬಂದಿದ್ದವರು ಮುಖ ಮುಖ ನೋಡಿಕೊಂಡರು. ಸಂಜೆಯೊಳಗೆ ಈ ಸುದ್ದಿ ದೋಹಾ ದಾಟಿ ಕತಾರಿನ ಆ ತುದಿಯ ದುಖಾನ್‌ವರೆಗೂ ಹೋಗುತ್ತದೆ ಎಂದು ಗಾನವಿಗೆ ಗೊತ್ತಿತ್ತು. ಒರೆಸಿದ್ದು ನಾನೇ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಂಕಲ್ ಚಾವಣಿಯನ್ನೇ ನೋಡುತ್ತ ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದರು.

"ತಪ್ಪಾಯ್ತು ಆಂಟಿ. ಗೊತ್ತೇ ಆಗ್ಲಿಲ್ಲ," ಎಂದು ಗಾನವಿ ತಲೆ ತಗ್ಗಿಸಿದಳು. ಆಮೇಲೆ ಹಾಸಿಗೆಯ ಕಡೆ ತಿರುಗಿ, "ಈಗ ಹೇಗಿದೀರಾ ಅಂಕಲ್?" ಎಂದಳು.

ಅವರ ಮುಷ್ಟಿ ಸಡಿಲವಾಯಿತು.