ಆರ್ಡಿತ್ ಆಂಟಿಯ ಒಪ್ಪಿಗೆ

"ತಡಿಯೇ, ಇನ್ನೊಂದು ಮೊಳೆ ಇದೆ," ಎಂದ ಬಾಯ್ಡ್.

ಮರ್ಲಾ ತಡೆಯಲಿಲ್ಲ. ಗಂಡನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ತಾನೇ ಮುಚ್ಚಳ ಮೀಟಿ ತೆಗೆದಳು. ಲಾಬ್‌ಸ್ಟರ್ ಹಿಡಿಯುವ ಹಳೆಯ ಬೋನಿನ ಹಲಗೆಗಳಿಂದ ಮಾಡಿದ ಆ ಪೆಟ್ಟಿಗೆ ವಾರವಿಡೀ ಊರವರೆಲ್ಲ ಸೇರುವ ಅಗ್ನಿಶಾಮಕ ದಳದ ಹಾಲ್‌ನಲ್ಲಿತ್ತು. ಈಗ ಚೀಟಿಗಳಿಂದ ಕಂಠಮಟ್ಟ ತುಂಬಿತ್ತು. ಅದೃಷ್ಟದ ಒಂದು ಚೀಟಿಗೆ ಮರ್ಲಾಳ ನೂಲಿನ ಅಂಗಡಿಯಿಂದ ನೀಲಿ ಕಂಬಳಿ ಬಹುಮಾನ. ಪ್ರತಿ ಚೀಟಿಯಲ್ಲೂ ಹೆಸರು, ಇಮೇಲ್, ಕೆಳಗೊಂದು ಖಾಲಿ ಚೌಕ: ನಮ್ಮ ಅಂಗಡಿಯ ಪತ್ರ ಬೇಕಿದ್ದರೆ ಗುರುತು ಹಾಕಿ.

"ನೋಡೋ, ಎಲ್ಲರೂ ಗುರುತು ಹಾಕಿದ್ದಾರೆ!" ಮರ್ಲಾ ನಿಂತಲ್ಲೇ ಕುಣಿದಳು.

ಕುಣಿಯದೆ ಏನು ಮಾಡಿಯಾಳು? ಬೇಸಿಗೆಯ ಪ್ರವಾಸಿಗರು ಹೋದ ಮೇಲೆ ನಮ್ಮ ನೋವಾ ಸ್ಕೋಷಿಯಾದ ಈ ದಂಡೆಯಲ್ಲಿ ಬಣ್ಣದ ಉಣ್ಣೆ ನೂಲು ಕೊಳ್ಳಲು ಅಂಗಡಿಯವರೆಗೆ ಬರುವವರು ಯಾರು? ಆದರೆ ಈ ವಾರ ನೂಲಿಗೆ ಬಣ್ಣ ಕಟ್ಟುವ ಹಂಡೆಯಿಂದ ಯಾವ ಬಣ್ಣ ಎದ್ದಿದೆ ಎಂದು ದಂಡೆಯುದ್ದದ ಮನೆಗಳಿಗೆಲ್ಲ ಬರೆದು ತಿಳಿಸಿದರೆ ಚಳಿಗಾಲ ಸಾಗುತ್ತದೆ. ಇಲ್ಲದಿದ್ದರೆ ಅಂಗಡಿಗೆ ಬೀಗ, ಅವಳಿಗೆ ಮತ್ತೆ ಮೀನು ಕಾರ್ಖಾನೆಯ ಪಾಳಿ. ಕಾನೂನೋ ಬಿಗಿ. ಒಪ್ಪದವರಿಗೆ ವ್ಯಾಪಾರದ ಇಮೇಲ್ ಕಳಿಸುವಂತಿಲ್ಲ. ಒಪ್ಪುತ್ತೀರಾ ಎಂದು ಕೇಳುವ ಇಮೇಲನ್ನೂ ಕಳಿಸುವಂತಿಲ್ಲ. ಮರ್ಲಾ ಅದನ್ನು ಬೈಬಲ್ಲಿಗಿಂತ ಹೆಚ್ಚು ಶ್ರದ್ಧೆಯಿಂದ ಓದಿಕೊಂಡಿದ್ದಳು.

ಈಗ ಮೊದಲ ಚೀಟಿಯ ಹೆಸರು ಓದಿದಳು. ಆರ್ಡಿತ್ ವೆನ್ಜೆಲ್. ಎರಡನೆಯದೂ ಆರ್ಡಿತ್ ವೆನ್ಜೆಲ್. ಮೂರನೆಯದು ಬೇರೆಯೇ ಕೈಬರಹ, ಹೆಸರು ಮಾತ್ರ ಅದೇ. ಮರ್ಲಾ ಇಡೀ ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದಳು.

ಬಾಯ್ಡ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಮ್ಮೂರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಹಾಲ್‌ನಲ್ಲಿಟ್ಟ ಬಹುಮಾನದ ಚೀಟಿಗಳಲ್ಲೆಲ್ಲ ಅವರದೇ ಹೆಸರು ಬರೆಯುತ್ತಾರೆ, ಬಹುಮಾನ ಅವರಿಗೇ ಹೋಗಲಿ ಅಂತ. ಎದುರುಮನೆಯ ಆರ್ಡಿತ್ ಆಂಟಿ ವಸಂತದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೂಳೆ ಕೂಡಿತ್ತು, ನಡೆಯಿರಿ ಎಂದು ಡಾಕ್ಟರು ಬೈದದ್ದೂ ಆಗಿತ್ತು. ಹೆದರಿಕೆಯಿಂದ ಅವರು ಮಾತ್ರ ಹೊಸ್ತಿಲು ದಾಟಿರಲಿಲ್ಲ.

"ನೀನೂ ಅವರದ್ದೇ ಬರ್ದ್ಯಾ?" ಮರ್ಲಾ ಗಂಡನ ಮೇಲೆ ಹರಿಹಾಯ್ದಳು.

"ಬರೀದೆ ಇರ್ತೀನಾ? ಮತ್ತೆ ಇದು ಯಾರ ಕೈಬರಹ, ಮಹಾರಾಯ್ತಿ?" ಬಾಯ್ಡ್ ಒಂದು ಚೀಟಿ ಎತ್ತಿ ಹಿಡಿದ. ಅದು ಮರ್ಲಾಳದೇ.

ಕಂಬಳಿಯನ್ನೂ ಒಂದು ಕಾಗದವನ್ನೂ ಹಿಡಿದುಕೊಂಡು ಮರ್ಲಾ ರಸ್ತೆ ದಾಟಿದಳು. ಅವಳ ಕಣ್ಣು ತುಂಬಿತ್ತು. ಆಂಟಿ ಕಿಟಕಿಯ ಪಕ್ಕ ಫೋನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮರ್ಲಾ ಚೀಟಿಗಳ ಕತೆಯನ್ನೆಲ್ಲ ಹೇಳಿದಳು.

"ಊರೆಲ್ಲ ಸೇರಿ ನನ್ನ ಹೆಸರಲ್ಲಿ ಒಪ್ಪಿಗೆ ಕೊಟ್ರಾ? ಇವ್ರಿಗೆ ಯಾರು ಕೊಟ್ರು ಅಧಿಕಾರ?"

"ಅದಕ್ಕೇ ಅವು ಯಾವುವೂ ನಡೆಯಲ್ಲ ಆಂಟಿ. ನಿಮ್ಮ ಒಪ್ಪಿಗೆ ನೀವೇ ಕೊಡ್ಬೇಕು. ಕೊಟ್ರೆ ನನ್ನ ಪಟ್ಟೀಲಿ ನೀವೊಬ್ರೇ."

ಆಂಟಿ ಕಾಗದಕ್ಕೆ ಸಹಿ ಹಾಕಿ, ಕಂಬಳಿ ಹೊದ್ದು, ಫೋನು ಎತ್ತಿದರು. "ಏ ಕರ್ಟಿಸ್, ನನ್ನ ಹೆಸರು ಬರ್ದು ದೊಡ್ಡ ಮನುಷ್ಯ ಆದ್ಯಲ್ಲ! ಈಗ ಹುಡುಗಿ ಅಂಗಡೀಗೆ ಹೋಗಿ ನಿನ್ನ ಹೆಸರು ಬರಿ. ಹೆಂಡ್ತೀದು ಬರೀಬೇಡ, ಅವ್ಳಿಗೆ ಬೇಕಿದ್ರೆ ಅವ್ಳೇ ಬರ್ತಾಳೆ." ಹೀಗೆ ಒಂದಾದ ಮೇಲೊಂದು ಮನೆ. ಬೈಯುತ್ತಾ ಬೈಯುತ್ತಾ ಆಂಟಿಯ ಮುಖಕ್ಕೆ ರಂಗು ಬಂತು.

ಸಂಜೆಗೆ ಅಂಗಡಿಯ ಮುಂದೆ ಪಿಕಪ್ ಟ್ರಕ್ಕುಗಳ ಸಾಲು. ಜನ ಬೂಟು ಒರೆಸಿಕೊಂಡು ಒಳಬಂದು, ಒಬ್ಬರನ್ನೊಬ್ಬರು ರೇಗಿಸುತ್ತಾ ತಂತಮ್ಮ ಹೆಸರು ಬರೆದರು. ಮರ್ಲಾಗೆ ನಗುವೋ ಅಳುವೋ ತಿಳಿಯದಷ್ಟು ಸಂತೋಷವಾಯಿತು.

ಶನಿವಾರ ಬೆಳಿಗ್ಗೆ ಮೊದಲ ಪತ್ರ ಹೋಯಿತು. ಸಮುದ್ರಪಾಚಿಯ ಹಸಿರು ಬಂದಿದೆ ಎಂಬ ಸುದ್ದಿ, ಅಂಗಡಿಯ ವಿಳಾಸ, ಕೊನೆಯಲ್ಲಿ ಪತ್ರ ಬೇಡವಾದವರು ಒತ್ತಬೇಕಾದ ಗುಂಡಿ. ಕಾಫಿ ಆರುವ ಮೊದಲೇ ಆರ್ಡರುಗಳು ಬರತೊಡಗಿದವು. ಜೊತೆಗೇ ಒಬ್ಬರು ಪಟ್ಟಿ ಬಿಟ್ಟು ಹೋದರು. ಆರ್ಡಿತ್ ವೆನ್ಜೆಲ್.

ಮರ್ಲಾ ಆ ಹೆಸರನ್ನು ಮತ್ತೊಮ್ಮೆ ಓದಿದಳು. ಅಷ್ಟರಲ್ಲಿ ಫೋನು ಬಂತು.

"ಗುಂಡಿ ನಿಜವಾಗ್ಲೂ ಕೆಲ್ಸ ಮಾಡುತ್ತಾ ನೋಡೋಣ ಅಂತ ಒತ್ತಿದೆ ಕಣೇ. ಮಾಡುತ್ತೆ. ಈಗ ನನ್ನ ವಾಪಸ್ ಸೇರಿಸ್ಕೋ."

ಮರ್ಲಾ ಕಿಟಕಿಯಾಚೆ, ರಸ್ತೆಯ ಆ ಬದಿಗೆ ನೋಡಿದಳು. "ಆಗಲ್ಲ ಆಂಟಿ. ಕಾನೂನು. ನೀವೇ ಅಂಗಡೀಗೆ ಬಂದು ಬರೀಬೇಕು."

"ಮೊನ್ನೆ ನೀನೇ ಕಾಗದ ತಂದಿದ್ಯಲ್ಲೇ?"

"ಎರಡನೇ ಸಲಕ್ಕೆ ಹಾಗೆ ನಡೆಯಲ್ಲ ಆಂಟಿ."

ಆ ಕಡೆ ಫೋನು ಇಟ್ಟ ಸದ್ದಾಯಿತು. ಬಾಯ್ಡ್ ಹುಬ್ಬೇರಿಸಿದ. "ಬಾಯಲ್ಲಿ ಹೇಳಿದ್ರೂ ನಡೆಯುತ್ತೆ ಅಂತ ನೀನೇ ಓದಿ ಹೇಳಿದ್ಯಲ್ಲೇ?"

"ಸುಮ್ನಿರು," ಎಂದಳು ಮರ್ಲಾ. ಅವಳ ಕಣ್ಣು ಎದುರುಮನೆಯ ಬಾಗಿಲ ಮೇಲಿತ್ತು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎದುರುಮನೆಯ ಬಾಗಿಲು ತೆರೆಯಿತು. ಮೊದಲು ಊರಿ ನಡೆಯುವ ವಾಕರಿನ ಕಾಲುಗಳು ಹೊಸ್ತಿಲಾಚೆ ಬಂದವು, ಅದರ ಹಿಂದೆ ನೀಲಿ ಕಂಬಳಿ ಹೊದ್ದ ಆಂಟಿ. ತಿರುವಿನಲ್ಲಿ ಬಂದ ಕರ್ಟಿಸ್ ಟ್ರಕ್ಕನ್ನು ನಡುರಸ್ತೆಯಲ್ಲೇ ನಿಲ್ಲಿಸಿ, ಇಂಜಿನ್ ಆರಿಸಿ, ಟೋಪಿ ತೆಗೆದು ಕೂತ. ಮರ್ಲಾ ಅಂಗಡಿಯ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟು, ಪೆನ್ನು ಹುಡುಕತೊಡಗಿದಳು.