ಅಪ್ಪನಿಗೆ ಹಾಕಿದ ಅಂಕ

ಹಡಗಿನ ಇಂಜಿನ್ ಕೋಣೆಯಲ್ಲೇ ತಲೆ ನರೆಸಿಕೊಂಡ ಅಪ್ಪ ಒಂದು ದಿನ ತನ್ನ ತರಗತಿಯಲ್ಲಿ ಬಂದು ಕೂರುತ್ತಾನೆಂದು ಮಗಳು ಎಣಿಸಿರಲಿಲ್ಲ. ಹೊಸ ಹಡಗುಗಳಲ್ಲಿ ಎಲ್ಲವೂ ಕಂಪ್ಯೂಟರಿನ ಕೈಗೆ ಹೋಗಿತ್ತು. ಆ ಕಂಪ್ಯೂಟರುಗಳನ್ನು ಸುರಕ್ಷಿತವಾಗಿ ನಡೆಸುವುದನ್ನು ಕಲಿಸುವ ಅವಳ ತರಬೇತಿಯಲ್ಲಿ ಪಾಸಾಗದ ಹೊರತು ಚೀಫ್ ಇಂಜಿನಿಯರನಾದರೂ ಹಡಗು ಹತ್ತುವಂತಿರಲಿಲ್ಲ. ಮೊದಲ ದಿನ ಅಪ್ಪ ಎದ್ದು ನಿಂತು, “ನಮಸ್ಕಾರ ಮೇಡಂ,” ಅಂದಾಗ ಇಡೀ ತರಗತಿ ನಕ್ಕಿತು. ಅವಳೂ ನಕ್ಕಳು.

ಪರೀಕ್ಷೆಯ ದಿನ ನಗು ಇರಲಿಲ್ಲ. ಹಡಗಿನ ನಿಯಂತ್ರಣ ಕೊಠಡಿಯಂತೆಯೇ ಕಟ್ಟಿದ ಕೋಣೆ, ಗೋಡೆ ತುಂಬ ಪರದೆಗಳು. ಎಣ್ಣೆಯ ಒತ್ತಡ ಇಳಿಯುತ್ತಿದ್ದುದನ್ನು ಅಪ್ಪ ಸರಿಪಡಿಸುತ್ತಿದ್ದಾಗಲೇ ಕಂಪನಿ ಕಚೇರಿಯ ಹೆಸರಲ್ಲಿ ಸಂದೇಶ ಬಂತು: ಹೊಸ ಪ್ರೋಗ್ರಾಂ ಈಗಲೇ ಹಾಕಿಕೊಳ್ಳಿ. ಅಪ್ಪ ಹಿಂದೆಮುಂದೆ ನೋಡದೆ ಗುಂಡಿ ಒತ್ತಿದ. ಅಪ್ಪನ ಮುಂದಿನ ಪರದೆಗಳು ಒಂದೊಂದಾಗಿ ಕಪ್ಪಾದವು. ಚುಕ್ಕಾಣಿ ಕೈಬಿಟ್ಟಿತು. ಎದುರು ಗೋಡೆಯ ಮೇಲಿನ ಚಿತ್ರದ ಹಡಗು ಬಂದರಿನ ಕಲ್ಲುಗೋಡೆಗೆ ಹೋಗಿ ಬಡಿಯಿತು.

ಆ ಸುಳ್ಳು ಸಂದೇಶ ಅವಳದೇ. ಮನೆಯಲ್ಲಿ, ಎದುರಿಗೇ ಕೂತು ಅಪ್ಪ ಬಟಾಣಿ ಬಿಡಿಸುತ್ತಿದ್ದಾಗ ಬರೆದಿದ್ದಳು.

“ಕಚೇರಿಯವರು ಹೇಳಿದ್ರು, ಒತ್ತಿದೆ,” ಅಂದ ಅಪ್ಪ.

“ಕಚೇರಿಯವರೇ ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಅಪ್ಪ ಕಪ್ಪಾದ ಪರದೆಗಳತ್ತ ನೋಡಿದ. ಅವಳು ಅಂಕಪಟ್ಟಿಯಲ್ಲಿ ಫೇಲ್ ಎಂದು ಬರೆದಳು.

ಮನೆಯಲ್ಲಿ ಅಮ್ಮ ಪಾತ್ರೆ ಕುಕ್ಕಿದಳು. “ಹೆತ್ತ ಅಪ್ಪನ್ನ ನಾಲ್ಕು ಜನರ ಮುಂದೆ ಫೇಲ್ ಮಾಡೋಕೆ ಮನಸ್ಸಾದ್ರೂ ಹೇಗೆ ಬಂತೇ?”

“ಅವಳನ್ನ ಬೈಬೇಡ,” ಅಂದ ಅಪ್ಪ. “ನಿಜವಾದ ಹಡಗಾಗಿದ್ರೆ ಜೊತೇಲಿದ್ದೋರನ್ನೆಲ್ಲ ನಾನೇ ಮುಳುಗಿಸಿರ್ತಿದ್ದೆ.” ಮಗಳತ್ತ ತಿರುಗಿದ. “ಇಂಜಿನ್ ಕೆಟ್ರೆ ಸದ್ದು ಬದಲಾಗುತ್ತೆ, ವಾಸನೆ ಬರುತ್ತೆ. ಈ ಸುಳ್ಳಿಗೆ ವಾಸನೆ ಇಲ್ವಲ್ಲ ಕಣೇ. ಹೇಗೆ ಹಿಡೀಲಿ?”

“ಎಷ್ಟೋ ಸಲ ಹಿಡಿಯೋಕಾಗಲ್ಲ ಅಪ್ಪಾ. ನಿನಗೆ ಗೊತ್ತಿರೋ ನಂಬರಿಗೆ ಫೋನ್ ಮಾಡಿ ಕೇಳಬೇಕು. ಉತ್ತರ ಬರೋವರೆಗೂ ಮುಟ್ಟಬಾರದು.”

“ಕ್ಯಾಪ್ಟನ್ ಕೂಗಾಡಿದ್ರೆ?”

“ಕೂಗಾಡಲಿ.”

ಎರಡನೇ ಸಲ ಬೇರೆ ಶಿಕ್ಷಕರು ಪರೀಕ್ಷೆ ಮಾಡಿದರು. ಅಪ್ಪ ಪಾಸಾಗಿ ಹಡಗು ಹತ್ತಿದ.

ಕೆಲವು ತಿಂಗಳ ಮೇಲೆ ದೂರದ ಬಂದರಿನಿಂದ ಅಪ್ಪನ ಫೋನ್ ಬಂತು. ರಿಪೇರಿಗೆ ಬಂದವನೊಬ್ಬ ಹಡಗಿನ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಲು ಹೋದಾಗ ಅಪ್ಪ ಅಡ್ಡ ನಿಂತಿದ್ದನಂತೆ. ಕಚೇರಿಯಿಂದ ಉತ್ತರ ಬರುವಷ್ಟರಲ್ಲಿ ಹಡಗು ಹೊರಡುವ ಹೊತ್ತು ಮೀರಿತ್ತು. ಕ್ಯಾಪ್ಟನ್ ಎಲ್ಲರೆದುರು ಜಾಡಿಸಿದ್ದ.

“ಕೊನೆಗೆ ನೋಡಿದ್ರೆ ಅವನು ನಿಜವಾಗ್ಲೂ ನಮ್ಮ ಕಂಪನಿ ಕಳಿಸಿದ ಮನುಷ್ಯನೇ,” ಅಂದ ಅಪ್ಪ. ಧ್ವನಿ ಕುಗ್ಗಿತ್ತು. “ಒಳ್ಳೇ ಪೆದ್ದನ ಹಾಗೆ ನಿಂತಿದ್ದೆ.”

“ನೀನು ಮಾಡಿದ್ದು ಸರಿ ಅಪ್ಪಾ.”

“ಅದು ನನಗೂ ಗೊತ್ತು. ಆದ್ರೂ ನಿನ್ನ ಬಾಯಿಂದ ಒಂದ್ಸಲ ಕೇಳೋಣ ಅನ್ನಿಸ್ತು,” ಅಂದ ಅಪ್ಪ.