ಮೂರನೆಯ ಟಕ್

ಎರಡೋ, ಮೂರೋ?

ಕಾರಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ್ದ ಲೊವೆಲ್‌ಗೆ ಅದು ಅನುಮಾನವೆಂದು ಹೇಳಿಕೊಳ್ಳಲೂ ನಾಚಿಕೆಯಾಗುತ್ತಿತ್ತು. ಕೇಳಿಸಿದ್ದು ಎರಡೇ. ಆದರೂ ಹತ್ತು ನಿಮಿಷದಿಂದ ತನಗೆ ತಾನೇ ನೆವ ಹುಡುಕುತ್ತಿದ್ದ. ಆಗ ಬೀದಿಯಲ್ಲಿ ಗೋಧಿ ಲಾರಿ ಹೋಯಿತಲ್ಲ, ಮೂರನೆಯ ಸದ್ದು ಅದರಲ್ಲಿ ಮುಳುಗಿರಬೇಕು. ಲಾರಿ ಹೋಯಿತೇ? ಹೋಗಿರಲಿಲ್ಲ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಮೂತಿಯಲ್ಲಿ ಕ್ಲಚ್ಚಿನ ಬದಲು ಕನ್ವರ್ಟರ್ ಕೂರುತ್ತದೆ. ಕುಂಬಳಕಾಯಿಯಷ್ಟು ಗುಂಡಗೆ, ಹೊಟ್ಟೆತುಂಬ ಎಣ್ಣೆ. ತಿರುಗಿಸುತ್ತ ಒಳಗೆ ತಳ್ಳಿದರೆ ಒಂದೊಂದೇ ಹಲ್ಲಿಗೆ ಸಿಕ್ಕಿ ಮೂರು ಸಲ ಟಕ್ ಎಂದು ಇಳಿಯಬೇಕು. ಎರಡಕ್ಕೇ ನಿಂತರೆ ಗೇರ್‌ಬಾಕ್ಸಿಗೂ ಇಂಜಿನ್ನಿಗೂ ನಡುವೆ ಬೆರಳಗಲ ಸಂದು ಉಳಿಯುತ್ತದೆ. ಬೋಲ್ಟು ಬಿಗಿದು ಆ ಸಂದನ್ನು ಮುಚ್ಚಲು ಹೊರಟರೆ ಒಳಗಿನ ಪಂಪು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಈ ಪಾಠವನ್ನು ಲೊವೆಲ್‌ಗೆ ಹೇಳಿಕೊಟ್ಟವನು ಡೆಲ್ಬರ್ಟ್ ಡ್ರೈಲಿಂಗ್. ಇವತ್ತು ಕನ್ವರ್ಟರನ್ನು ಕೂರಿಸಿದವನೂ ಅವನೇ.

ಲೊವೆಲ್‌ನ ಮೂಗಿನ ನೇರಕ್ಕೆ ಈಗ ಬೆರಳಗಲ ಸಂದು ಕಾಣುತ್ತಿತ್ತು.

"ಲೇ ಲೊವೆಲ್, ಅಲ್ಲೇ ನಿದ್ದೆ ಹೋದ್ಯಾ? ಇಲ್ಲಾ ಆ ಬೋಲ್ಟುಗಳಿಗೆ ಮದುವೆ ಮಾಡಿಸ್ತಿದ್ಯಾ?"

ಡೆಲ್ಬರ್ಟ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಗೆಳೆಯನ ಬೂಟು ಮಾತ್ರ.

ಕಾರು ಅವನ ಕೈಯಿಂದಲೇ ಹುಟ್ಟಿದ್ದು. ಮೂವತ್ತನಾಲ್ಕನೇ ಇಸವಿಯ ಫೋರ್ಡಿನ ಮೈಯನ್ನು ಯಾರದೋ ಹೊಲದಂಚಿನಿಂದ ಎಳೆದು ತಂದಾಗ ಅದರೊಳಗೆ ಕೋಳಿ ಮೊಟ್ಟೆಯಿಟ್ಟಿತ್ತು. ಇಂಜಿನ್ನು ಗುಜರಿಗೆ ಬಿದ್ದ ಪೊಲೀಸ್ ಕಾರಿನದು. ಹೇಸ್ ಊರಿನಲ್ಲಿ ಆ ಕಾರಿನ ಸದ್ದಿಗೆ ಹೆದರದ ನಾಯಿಯಿರಲಿಲ್ಲ. ಭಾನುವಾರದ ಪ್ರಾರ್ಥನೆಯ ನಡುವೆ ಪಾದ್ರಿ ಎರಡು ಸಲ ಸಾಲು ಮರೆತಿದ್ದರು. ಗ್ಯಾರೇಜಿನ ಗೋಡೆಗೆ ಡೆಲ್ಬರ್ಟ್ ಹಲಗೆಯೊಂದನ್ನು ತೂಗುಹಾಕಿದ್ದ: 'ಎಡಗಾಲಿಗೆ ಕೆಲಸ ಕೊಡಲಾಗದವರು ಬಸ್ಸು ಹತ್ತಿ.' ಆಟೋಮ್ಯಾಟಿಕ್ ಗಾಡಿ ಓಡಿಸುವವರನ್ನು ನಲವತ್ತು ವರ್ಷ ಆಡಿಕೊಂಡು ನಕ್ಕವನು ಅವನು.

ಹೋದ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದು ಎಡಗಾಲು ಹೋಯಿತು. ಎಡಗೈ ಆಡುತ್ತಿತ್ತು, ಆದರೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಸೈಲೆನ್ಸರ್ ಇಲ್ಲದ ಗಾಡಿಗಳಿಗೆ ಅರ್ಧ ಕಿವಿಯನ್ನು ಅವನು ಎಂದೋ ದಾನ ಮಾಡಿಯಾಗಿತ್ತು. ಬಲಗಾಲಲ್ಲಿ ಓಡಿಸಬಹುದು, ಕ್ಲಚ್ಚು ಮಾತ್ರ ಬೇಡ ಎಂದರು ಡಾಕ್ಟರು. ಮಗಳು ರೋಸಲಿನ್ ಇನ್ನೊಂದು ಮಾತು ಸೇರಿಸಿದಳು. "ಅಪ್ಪಾ, ಶನಿವಾರ ಹಳೇ ಕಾರುಗಳ ಮೆರವಣಿಗೆಗೆ ನೀನೇ ಓಡಿಸ್ಕೊಂಡು ಹೋದ್ರೆ ಕಾರು ನಿಂದು. ಇಲ್ಲಾಂದ್ರೆ ಕೇಳ್ತಿದಾರಲ್ಲ, ವಿಚಿಟಾದ ಹಲ್ಲು ಡಾಕ್ಟರು, ಅವರಿಗೆ ಮಾರ್ಬಿಡೋಣ."

"ಹಲ್ಲು ಡಾಕ್ಟರಾ!" ಎಂದಿದ್ದ ಡೆಲ್ಬರ್ಟ್. "ಅವನು ಅದನ್ನ ಓಡಿಸಲ್ಲ ಕಣೇ, ಬ್ರಷ್ ಮಾಡ್ತಾನೆ."

ಸತ್ತುಹೋದ ಸ್ಟೇಷನ್ ವ್ಯಾಗನ್ನೊಂದರಿಂದ ಆಟೋಮ್ಯಾಟಿಕ್ ಗೇರ್‌ಬಾಕ್ಸು ಬಂತು. ಅದನ್ನು ಚರ್ಚಿನ ಅಡುಗೆಯಾಕೆ ಓಡಿಸುತ್ತಿದ್ದಳಂತೆ. "ಪಾಪ ಅಂದ್ರೇನು ಅಂತಾನೇ ಗೊತ್ತಿಲ್ಲ ಇದಕ್ಕೆ. ನಾವು ಕಲಿಸೋಣ," ಎಂದು ಡೆಲ್ಬರ್ಟ್ ಅದರ ಬೆನ್ನು ತಟ್ಟಿದ್ದ. ಬೆಳಿಗ್ಗೆ ಕನ್ವರ್ಟರ್ ಕೂರಿಸಲು ಲೊವೆಲ್ ಕೈಚಾಚಿದಾಗ ಮಾತ್ರ ಕಿಡಿಕಿಡಿಯಾದ. "ಆಚೆ ಸರಿಯೋ. ಇದು ನನ್ನ ಕೆಲಸ."

ತಿರುಗಿಸಿದ. ಟಕ್. ಮತ್ತೆ ತಿರುಗಿಸಿದ. ಟಕ್. ಆಮೇಲೆ ಎಡಗೈಯನ್ನು ಅದರ ಮೇಲಿಟ್ಟು ಬಹಳ ಹೊತ್ತು ಸುಮ್ಮನೆ ಕೂತ.

"ಮೂರು," ಎಂದ. ತಲೆಯೆತ್ತಿ ಲೊವೆಲ್‌ನ ಮುಖ ನೋಡಿದ. "ಅಲ್ವಾ?"

ಲೊವೆಲ್ ಕೈ ಒರೆಸುವ ಬಟ್ಟೆ ಹುಡುಕುವವನಂತೆ ಆಚೆ ತಿರುಗಿದ್ದ.

ಈಗ ಕೆಳಗೆ ಮಲಗಿ ಆ ಗಳಿಗೆಯನ್ನೇ ಮೆಲುಕು ಹಾಕುತ್ತಿದ್ದ. ಬಿಗಿದರೆ ಪಂಪು ಹೋಗುತ್ತದೆ, ಶನಿವಾರ ಕೈತಪ್ಪುತ್ತದೆ, ಕಾರು ಹಲ್ಲು ಡಾಕ್ಟರಿಗೆ ಹೋಗುತ್ತದೆ. ಸಂದು ಇದೆಯೆಂದರೆ ಕಾರು ಉಳಿಯುತ್ತದೆ. ಆದರೆ ತನ್ನ ಕೈ ತನಗೇ ಸುಳ್ಳು ಹೇಳಿತೆಂದು ತಿಳಿದ ಮೇಲೆ ಡೆಲ್ಬರ್ಟ್ ಸ್ಪ್ಯಾನರ್ ಹಿಡಿಯುತ್ತಾನೆಯೇ? ಕೀಲಿಯನ್ನು ತಾನೇ ಮಗಳ ಕೈಗಿಟ್ಟುಬಿಡಬಹುದು.

"ಡೆಲ್ಬರ್ಟ್, ಒಂದು ತಪ್ಪಾಯ್ತು ಕಣೋ."

"ಒಂದೇನಾ? ಬೆಳಿಗ್ಗೆಯಿಂದ ಎಣಿಸ್ತಿದೀನಿ, ಆಗ್ಲೇ ನಾಲ್ಕಾಗಿದೆ."

"ಜಾಕು ಎತ್ತೋವಾಗ ಗೇರ್‌ಬಾಕ್ಸನ್ನ ಮುಂದಕ್ಕೆ ಬಾಗಿಸ್ಬಿಟ್ಟೆ. ಕನ್ವರ್ಟರ್ ಜಾರಿ ಬಂದಿರ್ಬೇಕು. ಸಂದು ಕಾಣ್ತಿದೆ."

ಮೂಲೆಯ ಫ್ಯಾನು ಮಾತ್ರ ಕಿರುಗುಟ್ಟುತ್ತಿತ್ತು. ಲೊವೆಲ್ ಡೆಲ್ಬರ್ಟ್‌ನ ಬೂಟಿನ ತುದಿ ನೋಡುತ್ತ ಮಲಗಿದ್ದ.

"ಅಯ್ಯೋ ದರಿದ್ರದವನೇ!" ಗ್ಯಾರೇಜಿನ ತಗಡು ನಡುಗಿತು. "ಕೈಗೆ ಬೆಣ್ಣೆ ಹಚ್ಚಿ ಹೆತ್ತಳೇನೋ ನಿಮ್ಮಮ್ಮ? ನಲವತ್ತು ವರ್ಷದಿಂದ ಬಾಗಿಸ್ಬೇಡ, ಬಾಗಿಸ್ಬೇಡ ಅಂತ ಬಡ್ಕೊಂಡೆ. ಕತ್ತೆಗೆ ಹೇಳಿದ್ರೆ ಇಷ್ಟೊತ್ತಿಗೆ ಸ್ವಂತ ವರ್ಕ್‌ಶಾಪ್ ಇಟ್ಕೊಂಡಿರ್ತಿತ್ತು!"

"ಹೌದು."

"ಹೌದಂತೆ! ಇಳಿಸು ಕೆಳಗೆ. ನನ್ನ ಒಂದು ಕೈ ನಿನ್ನ ಎರಡಕ್ಕಿಂತ ವಾಸಿ."

ಬೈಗುಳ ಇಷ್ಟು ಹಿತವಾಗಿ ಲೊವೆಲ್‌ಗೆ ಹಿಂದೆಂದೂ ಕೇಳಿಸಿರಲಿಲ್ಲ. ಗೇರ್‌ಬಾಕ್ಸ್ ಇಳಿಸುವಷ್ಟರಲ್ಲಿ ಡೆಲ್ಬರ್ಟ್ ಬೈಯುತ್ತ ಅವನ ಅಜ್ಜನವರೆಗೂ ಹೋಗಿ ಬಂದಿದ್ದ. ಮುಖಕ್ಕೆ ರಂಗೇರಿತ್ತು. ಎಲೆಕೋಸು, ಮಾಂಸ ತುಂಬಿದ ಬನ್ನನ್ನು ಒಂದು ಗುಕ್ಕು ಕಚ್ಚಿ ಬದಿಗಿಟ್ಟು ಕನ್ವರ್ಟರಿನ ಮುಂದೆ ಕೂತ. ಈ ಸಲ ಎಡಗೈಯನ್ನು ಅಂಗಿಯ ಜೇಬಿಗೆ ತುರುಕಿದ. ಬಲಗೈಯೊಂದರಲ್ಲೇ ಮೆಲ್ಲಗೆ ತಿರುಗಿಸುತ್ತ, ಅಂಗೈಯಿಂದ ಒಳಕ್ಕೆ ಒತ್ತಿದ.

ಟಕ್. ಈ ಮೂರನೆಯ ಸದ್ದು ದಪ್ಪಗಿತ್ತು. ಕನ್ವರ್ಟರ್ ಬೆರಳಗಲ ಒಳಗಿಳಿಯಿತು.

ಡೆಲ್ಬರ್ಟ್ ಗೆಳೆಯನ ಮುಖ ನೋಡಲಿಲ್ಲ.

"ಮತ್ತೆ ಜಾರದ ಹಾಗೆ ಬೆಲ್ಟು ಕಟ್ಟು ಇದಕ್ಕೆ," ಎಂದ. "ನೀನು ಎತ್ತೋನು, ನಂಬೋಕಾಗಲ್ಲ."

ಶನಿವಾರ ಬೆಳಿಗ್ಗೆ ಫೋರ್ಡು ನಾಯಿಗಳನ್ನೆಲ್ಲ ಎಬ್ಬಿಸುತ್ತ ಮುಖ್ಯ ಬೀದಿಗೆ ಬಂತು. ಸ್ಟಿಯರಿಂಗ್ ಹಿಂದೆ ಡೆಲ್ಬರ್ಟ್. ಪಕ್ಕದಲ್ಲಿ ಕೂತ ರೋಸಲಿನ್ ಕಿವಿಗೆ ಹತ್ತಿ ತುರುಕಿಕೊಂಡಿದ್ದಳು. ಹಲ್ಲು ಡಾಕ್ಟರು ಫುಟ್‌ಪಾತಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು, ಪಾಪ.

ಕಾಫಿ ಅಂಗಡಿಯ ಮುಂದೆ ಹಳೇ ಗೆಳೆಯರ ತಂಡ ನೆರೆಯಿತು. "ಏನೋ ಡೆಲ್ಬರ್ಟ್, ಬಸ್ಸು ಸಿಗ್ಲಿಲ್ವಾ?" ಎಂದು ಯಾರೋ ಹಲಗೆಯ ಮಾತನ್ನು ತಿರುಗಿಸಿ ಚುಚ್ಚಿದರು.

"ಬಸ್ಸಿನ ಮಾತು ಬಿಡ್ರೋ, ಇವನ ಕತೆ ಕೇಳಿ," ಎಂದು ಡೆಲ್ಬರ್ಟ್ ಲೊವೆಲ್‌ನ ಕಡೆ ಗದ್ದ ಎತ್ತಿ ತೋರಿಸಿದ. "ನಾನು ಮೂರು ಟಕ್ ಕೂರಿಸಿ ಕೊಟ್ಟಿದ್ದನ್ನ ಈ ಮಹಾಶಯ ಬಾಗಿಸಿ ಬೀಳಿಸಿದ!" ಬೀಳದ ಗೇರ್‌ಬಾಕ್ಸು ಅವನ ಕತೆಯಲ್ಲಿ ಬಿತ್ತು, ಲೊವೆಲ್‌ನ ಕಾಲ ಮೇಲೆ ಹೊರಳಿತು, ಲೊವೆಲ್ ಅತ್ತ. ಜನ ಹೊಟ್ಟೆ ಹಿಡಿದು ನಕ್ಕರು. ಆ ಬೇಸಿಗೆ ಪೂರ್ತಿ ಲೊವೆಲ್‌ನ ಕೈಗೆ ಕಾಫಿ ಕೊಡುವಾಗೆಲ್ಲ ಅಂಗಡಿಯಾಕೆ, "ಬಾಗಿಸ್ಬೇಡಪ್ಪಾ," ಎನ್ನುತ್ತಿದ್ದಳು.

ಲೊವೆಲ್ ಅವರೊಂದಿಗೆ ತಾನೂ ನಗುತ್ತಿದ್ದ. ಮೊದಲ ಸಲ ಕೇಳಿಸಿದ್ದು ಎರಡೇ ಎಂದು ಅವನು ಯಾರಿಗೂ ಹೇಳಲಿಲ್ಲ.